ಬಾಟಲಿ ಮೇಲೆ 1820 ಎಂದಿದ್ದರೆ ಒಳಗಿನ ವಿಸ್ಕಿಯೂ ಅಷ್ಟು ಹಳೆಯದೇ?

ಜಾನಿ ವಾಕರ್ ಎಂಬ ಹೆಸರಿನ ಜೊತೆಗೆ 1820 ಎಂಬ ಇಸವಿಯೂ ಓಡಾಡುತ್ತಿರುತ್ತದೆ. ಇದು ಇನ್ನೂರು ವರ್ಷಗಳಿಂದ ಬದಲಾಗದ ವಿಸ್ಕಿ, ಬಾಟಲಿ ಇಟ್ಟಷ್ಟೂ ಒಳ್ಳೆಯದಾಗುತ್ತದೆ, ಸ್ವಲ್ಪ ಕುಡಿದರೆ ಔಷಧಿ ಎಂದು ನಂಬುವವರಿದ್ದಾರೆ. ಇದರಲ್ಲಿ ನಿಜವೆಷ್ಟು? ಬನ್ನಿ, ನೋಡೋಣ.

1820ರಲ್ಲಿ ಶುರುವಾಗಿದ್ದು ಏನು?

ಒಂದು ದಿನಸಿ ಅಂಗಡಿ! ಜಾನ್ ವಾಕರ್ ಸ್ಕಾಟ್ಲೆಂಡಿನ ರೈತನ ಮಗ. 1819ರಲ್ಲಿ ತಂದೆ ತೀರಿಕೊಂಡರು. ಜಮೀನು ಮಾರಿದ ಹಣದಿಂದ ಮರುವರ್ಷ ಕಿಲ್ಮಾರ್ನಾಕ್ ಊರಿನಲ್ಲಿ ಅಂಗಡಿ ತೆರೆದಾಗ ಜಾನ್‌ಗೆ ಸುಮಾರು 15 ವರ್ಷ. ಇತರ ಸಾಮಾನುಗಳಂತೆ ಅಲ್ಲಿ ವಿಸ್ಕಿಯೂ ಮಾರಾಟವಾಗುತ್ತಿತ್ತು.

ಇಂದಿನ ಬ್ರ್ಯಾಂಡ್ ಬಂದದ್ದು ಯಾವಾಗ?

1860ರಲ್ಲಿ ಬ್ರಿಟನ್ನಿನ ಕಾನೂನು ಬದಲಾಯಿತು. ಮೊಳಕೆ ಬರಿಸಿದ ಬಾರ್ಲಿಯ ಮಾಲ್ಟ್ ವಿಸ್ಕಿಯನ್ನು ಬೇರೆ ಧಾನ್ಯಗಳ ಗ್ರೇನ್ ವಿಸ್ಕಿಯೊಂದಿಗೆ, ತೆರಿಗೆ ಕಟ್ಟುವ ಮೊದಲೇ ಗೋದಾಮಿನಲ್ಲಿ ಬೆರೆಸಲು ಅವಕಾಶ ಸಿಕ್ಕಿತು. ಹೀಗೆ ಬೆರೆಸಿದ್ದೇ ಬ್ಲೆಂಡೆಡ್ ಸ್ಕಾಚ್. ಜಾನ್ ಮಗ ಅಲೆಕ್ಸಾಂಡರ್ ಅದೇ ದಶಕದಲ್ಲಿ 'ಓಲ್ಡ್ ಹೈಲ್ಯಾಂಡ್ ವಿಸ್ಕಿ'ಯನ್ನು ಮಾರುಕಟ್ಟೆಗೆ ತಂದರು. ಚೌಕ ಬಾಟಲಿ ಬಂದದ್ದೂ ಅವರ ಕಾಲದಲ್ಲೇ. ಇದರಿಂದ ಅಷ್ಟೇ ಜಾಗದಲ್ಲಿ ಹೆಚ್ಚು ಬಾಟಲಿ ಹಿಡಿಯುತ್ತಿದ್ದವು, ಸಾಗಣೆಯಲ್ಲಿ ಒಡೆಯುವುದೂ ಕಡಿಮೆ. ದಾಪುಗಾಲಿನ ಮನುಷ್ಯನ ಚಿತ್ರವನ್ನು ಟಾಮ್ ಬ್ರೌನ್ ಬರೆದದ್ದು 1908ರಲ್ಲಿ. ರೆಡ್ ಲೇಬಲ್, ಬ್ಲ್ಯಾಕ್ ಲೇಬಲ್ ಹೆಸರುಗಳು 1909ರವು. ಅಂದರೆ 1820 ಅಂಗಡಿಯ ಹುಟ್ಟಿದ ವರ್ಷವೇ ಹೊರತು ವಿಸ್ಕಿಯದ್ದಲ್ಲ.

ಬಾಟಲಿಯಲ್ಲಿ ವಿಸ್ಕಿಗೆ ವಯಸ್ಸಾಗುತ್ತದೆಯೇ?

ಇಲ್ಲ. ವಿಸ್ಕಿ ಮಾಗುವುದು ಓಕ್ ಮರದ ಪೀಪಾಯಿಯಲ್ಲಿ. ಸ್ಕಾಚ್ ಎನ್ನಿಸಿಕೊಳ್ಳಲು ಅದು ಸ್ಕಾಟ್ಲೆಂಡಿನಲ್ಲೇ ಕನಿಷ್ಠ 3 ವರ್ಷ ಹೀಗೆ ಮಾಗಬೇಕು. ಬ್ಲ್ಯಾಕ್ ಲೇಬಲ್ ಮೇಲಿನ '12 ವರ್ಷ' ಎಂದರೆ ಬೆರೆಸಿದ ವಿಸ್ಕಿಗಳಲ್ಲಿ ಅತಿ ಕಿರಿಯದಕ್ಕೂ ಕನಿಷ್ಠ 12 ವರ್ಷ ಆಗಿದೆ ಎಂದು. ಬಾಟಲಿಗೆ ತುಂಬಿದ ಮೇಲೆ ಆ ಲೆಕ್ಕ ನಿಲ್ಲುತ್ತದೆ. ಬೀರುವಿನಲ್ಲಿ 20 ವರ್ಷ ಇಟ್ಟರೂ ಅದು 12 ವರ್ಷದ ವಿಸ್ಕಿಯೇ.

ಹಳೆಯ ಸ್ಕಾಚ್ ಆರೋಗ್ಯಕ್ಕೆ ಒಳ್ಳೆಯದೇ?

ವಯಸ್ಸಿನಿಂದ ಬದಲಾಗುವುದು ರುಚಿ, ಬಣ್ಣ, ಬೆಲೆ. ಮದ್ಯಸಾರ ಹೋಗುವುದಿಲ್ಲ. ಯಾವುದೇ ಸ್ಕಾಚ್‌ನಲ್ಲಿ ಕನಿಷ್ಠ ಶೇ. 40ರಷ್ಟು ಮದ್ಯಸಾರ ಇರಲೇಬೇಕು. ಅದು ಕ್ಯಾನ್ಸರ್‌ಕಾರಕ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಕುಡಿತದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಶೀತವಾದ ಮಗುವಿಗೆ ಒಂದು ಚಮಚ ಕೊಡಿ ಎಂಬ ಸಲಹೆಯಂತೂ ಅಪಾಯಕಾರಿ. ಪುಟ್ಟ ಮಕ್ಕಳ ರಕ್ತದಲ್ಲಿ ಸಕ್ಕರೆ ಅಂಶ ಇದ್ದಕ್ಕಿದ್ದಂತೆ ಕುಸಿಯಬಹುದು.

ಬ್ರ್ಯಾಂಡಿನ ಕಥೆ ಸ್ವಾರಸ್ಯಕರ, ಹಂಚಿಕೊಳ್ಳಿ. ಆದರೆ ಲೇಬಲ್ ಮೇಲಿನ ಇಸವಿಯನ್ನು ವೈದ್ಯರ ಚೀಟಿ ಎಂದುಕೊಳ್ಳಬೇಡಿ.