ಗುಟ್ಟಿಗೆ ಲೆಕ್ಕ ಕೇಳುವವರು ಯಾರು?

ಕಲಬುರಗಿಯ ಎಷ್ಟೋ ಬಾಣಂತಿ ಮನೆಗಳಲ್ಲಿ ತೊಟ್ಟಿಲಿಗಿಂತ ಮೊದಲು ಸಾಣೆಕಲ್ಲು ಹೊರಬರುತ್ತದೆ. ಬಜೆ, ಜಾಜಿಕಾಯಿ, ಅಳಲೆಕಾಯಿ, ಅರಿಷಿಣಕೊಂಬು ಒಂದೆರಡು ಸುತ್ತು ತೇಯ್ದು, ತಾಯಿಯ ಹಾಲಲ್ಲೋ ಜೇನಲ್ಲೋ ಕಲಸಿ ಕೂಸಿನ ಬಾಯಿಗೆ: ಇದೇ ಗುಟ್ಟಿ. ಕಮಲಾಪುರದ ಹಳ್ಳಿಗಳಲ್ಲೂ ಗುಟ್ಟಿ ಇಲ್ಲದ ಬಾಣಂತನ ಅಪರೂಪ. ಬೇಡವೆಂದವರಿಗೆ ಉತ್ತರ ಸಿದ್ಧವಿರುತ್ತದೆ: ‘ನಾವೆಲ್ಲ ಇದನ್ನೇ ನೆಕ್ಕಿ ಬೆಳೆದವರಲ್ಲೇನು?’ ನೆಕ್ಕಿಯೂ ಬೆಳೆಯದೆ ಹೋದ ಕೂಸುಗಳು ಸಾಕ್ಷಿ ಹೇಳಲು ಬರುವುದಿಲ್ಲ, ಅಷ್ಟೆ.

ಬಜೆಯಲ್ಲಿ ಬೀಟಾ-ಆಸರೋನ್ ಎಂಬ ರಾಸಾಯನಿಕವಿದೆ. ಬಜೆಯ ಎಣ್ಣೆ ತಿಂದ ಇಲಿಗಳ ಕರುಳಲ್ಲಿ ಗಡ್ಡೆ ಕಂಡ ಮೇಲೆ ಅಮೆರಿಕ 1968ರಲ್ಲಿ ಅದನ್ನು ಆಹಾರದಿಂದ ಹೊರಗಿಟ್ಟಿತು. ಇಲಿಗೆ ಉಣಿಸಿದ ಪ್ರಮಾಣವೆಲ್ಲಿ, ಕಲ್ಲಿನ ಎರಡು ಸುತ್ತೆಲ್ಲಿ ಎಂದು ವೈದ್ಯರು ಕೇಳಿದರೆ ಅದು ನ್ಯಾಯವೇ. ಆದರೆ ಆಯುರ್ವೇದವೂ ಬಜೆಯನ್ನು ಶೋಧಿಸಿ ಬಳಸು ಎನ್ನುತ್ತದೆ. ಕಿರಾಣಿ ಅಂಗಡಿಯ ಡಬ್ಬಿಯಿಂದ ಪುಡಿಗಾಸಿಗೆ ಬಂದ ಬೇರನ್ನು ಶೋಧಿಸಿದವರು ಯಾರು? ಜಾಜಿಕಾಯಿ ಹಾಕಿದರೆ ಕೂಸು ಚೆಂದ ಮಲಗುತ್ತದಂತೆ. ಪ್ರಮಾಣ ಮೀರಿದರೆ ದೊಡ್ಡವರಿಗೂ ಅಮಲೇರಿಸುವ ಕಾಯಿ ಅದು. ಇನ್ನು ಜೇನು: ವರ್ಷ ತುಂಬದ ಮಗುವಿನ ಕರುಳಲ್ಲಿ ಅದರೊಳಗಿನ ಬಾಟುಲಿಸಂ ಬೀಜಾಣು ಮೊಳೆತು ವಿಷ ಬಿಡಬಲ್ಲದು. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಗುಟ್ಟಿಯ ಬಟ್ಟಲಿಗೆ ಜಾಗವೇ ಇಲ್ಲ.

ಹಾಗೆಂದು ಅಜ್ಜಿಯನ್ನು ಗೇಲಿ ಮಾಡುವ ಡಾಕ್ಟರರ ಅಂಗಳವೇನೂ ಗುಡಿಸಿಟ್ಟಂತಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳನ್ನು ಬಲಿ ಪಡೆದದ್ದು ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್. ಆದರೆ ಆ ಬಾಟಲಿಯ ಮೇಲೆ ಬ್ಯಾಚ್ ನಂಬರಿತ್ತು; ಲ್ಯಾಬಿಗೆ ಹೋಯಿತು, ಕಾರ್ಖಾನೆ ಪತ್ತೆಯಾಯಿತು. ಗುಟ್ಟಿಗೆ ಬ್ಯಾಚ್ ನಂಬರಿಲ್ಲ. ಕೂಸು ಮಂಕಾದರೆ ದೃಷ್ಟಿಯಾಯಿತು ಎನ್ನುತ್ತಾರೆ.

ಪೊಟ್ಟಣದಲ್ಲಿ ಬಂದದ್ದೆಲ್ಲ ಶುದ್ಧವೆಂದೂ ಅಲ್ಲ. ಶಾಸ್ತ್ರಗ್ರಂಥದಲ್ಲಿರುವ ಆಯುರ್ವೇದ ಔಷಧಕ್ಕೆ ಲೈಸೆನ್ಸ್ ಕೊಡುವಾಗ ಔಷಧ ನಿಯಮಾವಳಿಯ 158-ಬಿ ನಿಯಮ ಹೊಸ ಸುರಕ್ಷತಾ ಅಧ್ಯಯನ ಕೇಳುವುದಿಲ್ಲ. ದಕ್ಷಿಣ ಏಷ್ಯಾದಲ್ಲಿ ತಯಾರಾಗಿ ಬಾಸ್ಟನ್ ಸುತ್ತಮುತ್ತ ಮಾರಾಟವಾಗುತ್ತಿದ್ದ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಇದ್ದದ್ದು 2004ರಲ್ಲಿ ಬಯಲಾಯಿತು.

ಚೀನೀ ಮೂಲಿಕೆಗಳ ನೆಲೆಯಾದ ಸಿಂಗಪುರ ಲೆಕ್ಕ ಕೇಳುವ ವಿಷಯದಲ್ಲಿ ಮುಲಾಜು ನೋಡಲಿಲ್ಲ. ನವಜಾತ ಶಿಶುಗಳ ಕಾಮಾಲೆ ಉಲ್ಬಣಿಸುತ್ತದೆಂದು ಬೆರ್ಬೆರಿನ್ ಇರುವ ಮೂಲಿಕೆಗಳನ್ನು 1978ರಲ್ಲಿ ನಿಷೇಧಿಸಿ, ಸಾಕ್ಷ್ಯಗಳನ್ನು ಮರಳಿ ಪರಿಶೀಲಿಸಿ 2013ರಿಂದ ಹಂತಹಂತವಾಗಿ ನಿಷೇಧ ತೆಗೆಯಿತು. ವಿಚಾರಣೆಗೆ ಹೆದರದ ಮೂಲಿಕೆ ಹಾಗೆ ಬಿಡುಗಡೆಯಾಗಿ ಬರಬಹುದು.

ಕಲಬುರಗಿಯಲ್ಲಿ ಜಿಮ್ಸ್ ವೈದ್ಯಕೀಯ ಕಾಲೇಜಿದೆ, ಹಿಂಗುಲಾಂಬಿಕಾ ಆಯುರ್ವೇದ ಕಾಲೇಜೂ ಇದೆ. ಎರಡೂ ಕೂಡಿ ಕಮಲಾಪುರದ ಅಂಗಡಿಗಳ ಬಜೆ, ಗುಟ್ಟಿ ಪೊಟ್ಟಣ ಕೊಂಡು ತಂದು ಪರೀಕ್ಷಿಸಿ, ಫಲಿತಾಂಶವನ್ನು ಊರ ಮಾತಿನಲ್ಲಿ ಅಂಗನವಾಡಿ ಗೋಡೆಗೆ ಅಂಟಿಸಲಿ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೂ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಸಲ ಹೋಗಬೇಕು. ಪ್ರತಿ ಸಲವೂ ‘ಗುಟ್ಟಿ ಹಾಕೀರೇನು, ಏನೇನು, ಎಷ್ಟು?’ ಎಂದು ಬೈಯದೆ ಕೇಳಿ ಬರೆದುಕೊಂಡರೆ ಜಿಲ್ಲೆಯ ಕೈಗೆ ಮೊದಲ ಲೆಕ್ಕ ಸಿಗುತ್ತದೆ.