ಕುದುರೆ ಒಳಗೆ ಬರುವಾಗ

ನಮ್ಮನೆಯಲ್ಲಿ ‘ರೇಸು’ ಅನ್ನೋ ಪದವನ್ನ ಯಾರೂ ಎತ್ತಲ್ಲ. ಟೀವಿಯಲ್ಲಿ ಕುದುರೆ ಓಡೋ ದೃಶ್ಯ ಬಂದರೂ ಅಮ್ಮ ಚಾನೆಲ್ ಬದಲಾಯಿಸ್ತಾಳೆ. ಕಾರಣ ಮಾವ, ಅಮ್ಮನ ಒಬ್ಬನೇ ತಮ್ಮ. ಒಂದು ಸೈಟು, ಅತ್ತೆಯ ನಾಲ್ಕು ಬಳೆ, ಕೊನೆಗೆ ನನ್ನ ಕಾಲೇಜು ಫೀಸಿಗೆ ಅಂತ ಅಮ್ಮ ಅವರ ಕೈಗೆ ಕೊಟ್ಟಿದ್ದ ದುಡ್ಡು, ಎಲ್ಲವನ್ನೂ ಕುದುರೆ ಬಾಲಕ್ಕೆ ಕಟ್ಟಿ ಬಂದವರು.

ಈಗ 11 ವರ್ಷದಿಂದ ಅವರು ಆ ಕಡೆ ತಲೆ ಹಾಕಿಲ್ಲ. ಬೆಳಿಗ್ಗೆ ನಮ್ಮಕ್ಕನ ಇಬ್ಬರು ಮಕ್ಕಳ ಕೈ ಹಿಡಿದು ಸ್ಕೂಲ್ ವ್ಯಾನಿಗೆ ಹತ್ತಿಸ್ತಾರೆ. ಸಂಜೆ ಕರ್ಕೊಂಡು ಬರ್ತಾರೆ. ಮನೆಯವರು ಕ್ಷಮಿಸಿದ್ದಾರಾ? ಗೊತ್ತಿಲ್ಲ. ನಾನು ಕ್ಷಮಿಸಿದ್ದೀನಾ? ಅದೂ ಗೊತ್ತಿರಲಿಲ್ಲ.

ಅವರು ಹಿಂದೊಮ್ಮೆ ಹೇಳಿದ ಮಾತೊಂದು ಮಾತ್ರ ನೆನಪಿತ್ತು. “ಪುಟ್ಟಿ, ಕುದುರೆ ಓಡೋದನ್ನ ಎಲ್ಲರೂ ನೋಡ್ತಾರೆ. ಅದು ಒಳಗೆ ಬರೋದನ್ನ ನೋಡ್ಬೇಕು ಕಣೆ.” ಆಗ ನನಗೆ ಸಿಟ್ಟು ಬಂದಿತ್ತು. ಫೀಸು ಕಟ್ಟೋಕೆ ಅಮ್ಮ ಸಾಲ ಮಾಡ್ತಿದ್ದ ದಿನಗಳು ಅವು.

ಕಳೆದ ವರ್ಷ ಆಫೀಸಿನವರು ಆರು ತಿಂಗಳ ಪ್ರಾಜೆಕ್ಟಿಗೆ ಟೋಕಿಯೊಗೆ ಕಳಿಸಿದ್ರು. ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಜಪಾನಿ ಹಿರಿಯರೊಬ್ಬರು ಅಕ್ಟೋಬರ್ ಕೊನೆಯ ಭಾನುವಾರ ಕರೆದರು: “ಫುಚುಗೆ ಬರ್ತೀರಾ? ತೆನ್ನೊ ಶೋ ಇದೆ.” ತೆನ್ನೊ ಶೋ ಅಂದರೆ ಚಕ್ರವರ್ತಿಯ ಹೆಸರಿನ ದೊಡ್ಡ ರೇಸು, 2000 ಮೀಟರ್ ಓಟ. ಬೇಡ ಅನ್ನೋಕೆ ಬಾಯಿ ತೆರೆದವಳು ‘ಸರಿ’ ಅಂದುಬಿಟ್ಟೆ. ಅಮ್ಮನಿಗೆ ಮಾತ್ರ ‘ಪಾರ್ಕಿಗೆ ಹೋಗ್ತಿದ್ದೀನಿ’ ಅಂತ ಮೆಸೇಜ್ ಹಾಕಿದೆ.

ಅದು ಪೂರ್ತಿ ಸುಳ್ಳೂ ಆಗಲಿಲ್ಲ ಬಿಡಿ. 200 ಯೆನ್ ಟಿಕೆಟ್ ತಗೊಂಡು ಒಳಗೆ ಹೋದರೆ ಹುಲ್ಲಿನ ಮೇಲೆ ಚಾಪೆ ಹಾಸಿ ಬುತ್ತಿ ಬಿಚ್ಚಿದ ಸಂಸಾರಗಳು, ಟ್ರ್ಯಾಕಿನ ನಡುವಿನ ಜಾಗದಲ್ಲಿ ಆಡ್ತಿರೋ ಮಕ್ಕಳು. ನನ್ನ ತಲೆಯಲ್ಲಿದ್ದ ರೇಸ್ ಕೋರ್ಸ್ ಅಂದ್ರೆ ಬೀಡಿ ಹೊಗೆ, ಹರಿದ ಚೀಟಿ, ಮಾವನ ಕೆಂಪು ಕಣ್ಣು. ಎಲ್ಲೋ ದಾರಿ ತಪ್ಪಿ ಬಂದೆನಾ ಅನ್ನಿಸಿತು.

ಅಲ್ಲಿನ ಕ್ರಮ ಹೀಗಿದೆ. ಮೊದಲು ಪ್ಯಾಡಾಕ್‌ನಲ್ಲಿ ಕುದುರೆಗಳನ್ನ ಸುತ್ತು ಹಾಕಿಸ್ತಾರೆ, ಜನ ಸದ್ದಿಲ್ಲದೆ ನೋಡ್ತಾರೆ. ‘ನಿಲ್ಲಿ’ ಅನ್ನೋ ಕೂಗು ಬಿದ್ದ ಮೇಲೆ ಜಾಕಿಗಳು ಹತ್ತುತ್ತಾರೆ. ಆಮೇಲೆ ಕುದುರೆಗಳು ನೆಲದಡಿಯ ದಾರಿಯಲ್ಲಿ ಮಾಯ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸಂಗೀತ.

ಒಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ಜಪಾನಿನ ರೇಸಿನಲ್ಲಿ ಸಂಗೀತ ಎರಡು ಸಲ ಬರುತ್ತೆ. ಯೂಟ್ಯೂಬಿನಲ್ಲಿ ನೀವು ಕೇಳಿರಬಹುದಾದದ್ದು ಎರಡನೆಯದು, ಓಟಕ್ಕೆ ತುಸು ಮೊದಲು ಮೊಳಗೋ ಕಹಳೆ, ಅಂದರೆ ಫ್ಯಾನ್‌ಫೇರ್. ಸ್ಟಾರ್ಟರ್ ಮೆಟ್ಟಿಲು ಹತ್ತಿ ಕೆಂಪು ಬಾವುಟ ಬೀಸಿದ ಕೂಡಲೇ ಅದು ಶುರು. ದೊಡ್ಡ ರೇಸಾದರೆ ಸಾವಿರಾರು ಜನ ತಾಳಕ್ಕೆ ಸರಿಯಾಗಿ ಚಪ್ಪಾಳೆ ಹೊಡೀತಾರೆ, ಕೈಯಲ್ಲಿ ಸುತ್ತಿದ ರೇಸ್ ಪೇಪರ್ ಇದ್ದರೆ ಅದನ್ನೇ ಬಡೀತಾರೆ. ಟೋಕಿಯೊ ಕಡೆಯ ಕಹಳೆಯೇ ಬೇರೆ, ಕ್ಯೋಟೊ ಕಡೆಯದೇ ಬೇರೆ. ಸಾಮಾನ್ಯ ರೇಸಿಗೊಂದು, ದೊಡ್ಡ ರೇಸಿಗೊಂದು.

ಟೋಕಿಯೊ ಕಡೆಯ ಕಹಳೆಗಳನ್ನ ರಚಿಸಿದವರು ಕೊಯಿಚಿ ಸುಗಿಯಾಮ. 1986ರಲ್ಲಿ ಬಂದ ‘ಡ್ರ್ಯಾಗನ್ ಕ್ವೆಸ್ಟ್’ ವಿಡಿಯೊ ಗೇಮಿಗೆ ಸಂಗೀತ ಕೊಟ್ಟವರೂ ಅವರೇ. 2021ರ ಟೋಕಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕ್ರೀಡಾಪಟುಗಳು ಮೈದಾನದೊಳಗೆ ಬರೋಕೆ ಶುರು ಮಾಡಿದಾಗ ಕೇಳಿದ್ದು ಆ ಗೇಮಿನ ಸಂಗೀತವನ್ನೇ. ಅದಾಗಿ ಎರಡೇ ತಿಂಗಳಿಗೆ ಅವರು ತೀರಿಕೊಂಡರು.

ಆದರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಮೊದಲನೆಯದು. ಓಟಕ್ಕೆ ಇನ್ನೂ 10-15 ನಿಮಿಷ ಇರುವಾಗ, ಕುದುರೆಗಳು ಟ್ರ್ಯಾಕಿಗೆ ಕಾಲಿಡೋ ಹೊತ್ತಿಗೆ ಹಾಕೋ ಮಾರ್ಚ್. ಅದಕ್ಕೆ ಯಾರೂ ಕೂಗಲ್ಲ. ಮುಂದೆ ಒಂದು ಬಿಳಿ ಕುದುರೆ, ನಮ್ಮ ಕಡೆ ಮದುವೆ ದಿಬ್ಬಣದ ಮುಂದೆ ಹಿರಿಯರು ನಡೆದ ಹಾಗೆ ನಿಧಾನಕ್ಕೆ ಬಂತು. ಅದರ ಹಿಂದೆ ಒಂದೊಂದಾಗಿ ಓಡೋ ಕುದುರೆಗಳು. ಧ್ವನಿವರ್ಧಕದಲ್ಲಿ ಪ್ರತಿಯೊಂದರ ನಂಬರು, ಹೆಸರು, ಜಾಕಿಯ ಹೆಸರು. ಗೆಲ್ಲುತ್ತೆ ಅಂತ ಎಲ್ಲರೂ ದುಡ್ಡು ಹಾಕಿದ ಕುದುರೆಗೂ ಅದೇ ಸಂಗೀತ, ಯಾರೂ ಕಣ್ಣೆತ್ತಿ ನೋಡದ ಕುದುರೆಗೂ ಅದೇ ಸಂಗೀತ.

ಕೆಲವಕ್ಕೆ ಕಿವಿ ಮುಚ್ಚೋ ಬಟ್ಟೆ ಹಾಕಿದ್ದರು. ಗದ್ದಲಕ್ಕೆ ಬೆದರೋ ಕುದುರೆಗಳಿಗೆ ಅದು. ಒಂದು ಕುದುರೆ ಕುತ್ತಿಗೆ ತಿರುಗಿಸಿ ನಮ್ಮ ಕಡೆ ನೋಡಿ, ಹೆಜ್ಜೆ ಅಡ್ಡಡ್ಡ ಹಾಕಿತು. ಜಾಕಿ ಬಗ್ಗಿ ಕತ್ತು ತಟ್ಟಿದ. ಮೊದಲ ಸಲ ಕ್ಲೈಂಟ್ ಮುಂದೆ ಪ್ರೆಸೆಂಟೇಶನ್ ಕೊಡೋಕೆ ಹೋದಾಗ ನನ್ನ ಕಾಲು ಹೀಗೇ ಅಡ್ಡಡ್ಡ ಬಿದ್ದಿತ್ತು. ಕತ್ತು ತಟ್ಟೋರು ಯಾರೂ ಇರಲಿಲ್ಲ, ಅಷ್ಟೇ.

“ಇದು ನಮಗೋಸ್ಕರ ಹಾಕೋ ಸಂಗೀತಾನಾ, ಕುದುರೆಗಾ?” ಅಂತ ಪಕ್ಕದ ಹಿರಿಯರನ್ನ ಕೇಳಿದೆ. ಅವರು ನೇರ ಉತ್ತರ ಕೊಡಲಿಲ್ಲ. ಎರಡು ಡರ್ಬಿಗಳ ಕಥೆ ಹೇಳಿದರು. 1990ರ ಡರ್ಬಿಗೆ ಇದೇ ಜಾಗದಲ್ಲಿ 1,96,517 ಜನ ಸೇರಿದ್ದರು. ಗೆದ್ದ ಜಾಕಿ ನಕಾನೊ ಅವರ ಹೆಸರನ್ನ ಎಲ್ಲರೂ ಒಂದೇ ಕಂಠದಲ್ಲಿ ಕೂಗಿದ್ದು ಇವತ್ತಿಗೂ ದಂತಕಥೆ. 2020ರ ಡರ್ಬಿಗೆ ಕೊರೊನಾ ಕಾರಣಕ್ಕೆ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಕಾಂಟ್ರೈಲ್ ಅನ್ನೋ ಕುದುರೆ ಮೇಲೆ ಗೆದ್ದ ಯುಯಿಚಿ ಫುಕುನಾಗ, ಖಾಲಿ ಸ್ಟ್ಯಾಂಡಿನ ಕಡೆ ತಿರುಗಿ ತಲೆಬಾಗಿ ನಮಸ್ಕಾರ ಮಾಡಿದರು.

ನಾನು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಹಾಗಂತ ಮರುಳಾಗಿ ಬರೀತಿಲ್ಲ. ಸಂಗೀತ ಎಷ್ಟೇ ಚೆಂದ ಇದ್ದರೂ ಅದು ಜೂಜಿನ ಅಂಗಳ. ಅಲ್ಲಿ ಜನ ಹಾಕೋ ಪ್ರತಿ 100 ಯೆನ್‌ನಲ್ಲಿ ಗೆದ್ದವರಿಗೆ ವಾಪಸ್ ಹೋಗೋದು ಸುಮಾರು 75. ಹತ್ತು ಸರ್ಕಾರದ ಬೊಕ್ಕಸಕ್ಕೆ. ಅಂದರೆ ದಿನಾ ಆಡೋನು ಕೊನೆಗೆ ಸೋಲಲೇಬೇಕು, ಲೆಕ್ಕವೇ ಹಾಗಿದೆ. ಇದು ಗೊತ್ತಿದ್ದೂ, ಆ ಮಾರ್ಚ್ ಮುಗಿಯೋ ಹೊತ್ತಿಗೆ ನನ್ನ ಕೈ ಪರ್ಸಿನ ಮೇಲಿತ್ತು.

ಅಡ್ಡಡ್ಡ ಹೆಜ್ಜೆ ಹಾಕಿದ ಕುದುರೆ ಮೇಲೆ 200 ಯೆನ್ ಹಾಕಿದೆ. 100 ಗೆಲ್ಲೋಕೆ, 100 ಮೊದಲ ಮೂರರಲ್ಲಿ ಬರೋಕೆ. ಒಂದೇ ಕುದುರೆಗೆ ಹೀಗೆ ಜೊತೆಯಾಗಿ ತಗೊಂಡರೆ ಟಿಕೆಟ್ ಮೇಲೆ ‘ಗಂಬಾರೆ’ ಅಂತ ಅಚ್ಚಾಗಿ ಬರುತ್ತೆ. ‘ಬಿಡಬೇಡ, ಗಟ್ಟಿಯಾಗಿರು’ ಅನ್ನೋ ಹಾಗೆ. ಗೇಟು ತೆರೀತು, ಓಟ ಎರಡು ನಿಮಿಷದಲ್ಲಿ ಮುಗೀತು. ನನ್ನ ಕುದುರೆ ಎಲ್ಲೋ ಹಿಂದೆ. ತಕ್ಷಣ ತಲೆಗೆ ಬಂದದ್ದು: ಮುಂದಿನ ರೇಸಿಗೆ ಸಾವಿರ ಹಾಕಿದರೆ?

ಆ ಒಂದು ಕ್ಷಣಕ್ಕೆ ಬೆನ್ನು ತಣ್ಣಗಾಯಿತು. ಮಾವ ಹಾಳಾಗಿದ್ದು ದುರಾಸೆಯಿಂದ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಇಷ್ಟು ಚೆಂದದ ಬಾಗಿಲಿಂದಲೂ ಆ ಬಾವಿಗೆ ಬೀಳಬಹುದು ಅಂತ ಗೊತ್ತಿರಲಿಲ್ಲ. ಇದು ಕ್ಷಮೆ ಅಲ್ಲ. ಅಮ್ಮ ತೀರಿಸಿದ ಸಾಲ ಸುಳ್ಳಾಗಲ್ಲ. ಆದರೆ ಅವರು ಹೇಳಿದ ಆ ಒಂದು ಮಾತು ಮಾತ್ರ ನಿಜವಾಗಿತ್ತು. ಪರ್ಸನ್ನ ಬ್ಯಾಗಿನ ತಳಕ್ಕೆ ತುರುಕಿ ಎದ್ದುಬಂದೆ.

ರೈಲಿನಲ್ಲಿ ಫೋನ್ ತೆಗೆದೆ. ಮಾರ್ಚ್ ನುಡೀತಿರುವಾಗ ಮಾಡಿದ ವಿಡಿಯೊ ಇತ್ತು. ಮಾವನಿಗೆ ಕಳಿಸಲಾ? 11 ವರ್ಷ ಬಿಟ್ಟವರ ಮುಂದೆ ಇದನ್ನ ಹಿಡಿಯೋದು ಸರೀನಾ? ನಾಲ್ಕು ಸ್ಟೇಷನ್ ಹೋಗೋ ತನಕ ಯೋಚಿಸಿದೆ. ಕೊನೆಗೆ ನಂಬರುಗಳು ಕಾಣೋ ಭಾಗವನ್ನೆಲ್ಲ ಕತ್ತರಿಸಿ, ಬಿಳಿ ಕುದುರೆ ಮುಂದೆ ನಡೆದು ಬರೋ 20 ಸೆಕೆಂಡ್ ಮಾತ್ರ ಕಳಿಸಿದೆ. ಅದಕ್ಕೂ ಮೊದಲು ಅಮ್ಮನಿಗೆ ಫೋನ್ ಮಾಡಿ ನಿಜ ಹೇಳಿದೆ. ಅವಳು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ “ಊಟ ಆಯ್ತಾ?” ಅಂದಳು.

ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಯಾವ ಕುದುರೆ ಗೆದ್ದದ್ದು ಅಂತ ಕೇಳ್ತಾರೇನೋ ಅಂತ ಎರಡು ದಿನ ಎದೆ ಡವಗುಟ್ಟಿತು. ಮೂರನೇ ದಿನ ಬೆಳಿಗ್ಗೆ ವಾಯ್ಸ್ ಮೆಸೇಜ್ ಬಂತು. ಹಿಂದೆ ಸ್ಕೂಲ್ ವ್ಯಾನಿನ ಹಾರನ್ನು, ಮಕ್ಕಳ ಗಲಾಟೆ.

“ಪುಟ್ಟಿ, ಮುಂದೆ ಬಂತಲ್ಲ ಬಿಳಿ ಕುದುರೆ, ಅದು ಓಡಲ್ವಾ?”

“ಇಲ್ಲ ಮಾವ,” ಅಂತ ಟೈಪ್ ಮಾಡಿದೆ. “ಅಂಥವು ಹೆಚ್ಚಾಗಿ ರೇಸಿಂದ ರಿಟೈರ್ ಆದ ಕುದುರೆಗಳಂತೆ. ಈಗ ಓಡಲ್ಲ. ಬೇರೆಯವರನ್ನ ಒಳಗೆ ಕರ್ಕೊಂಡು ಬರೋದಷ್ಟೇ ಅದರ ಕೆಲಸ.”

ಒಂದು ನಿಮಿಷ ಬಿಟ್ಟು ಉತ್ತರ ಬಂತು: “ಒಳ್ಳೆ ಕೆಲಸ.”