ಒಂದು ಸೀಟಿಗೆ 72 ದಿನ, ಇಡೀ ಪಂಚಾಯತ್‌ಗೆ ಎಷ್ಟು ವರ್ಷ?

2024ರ ಫೆಬ್ರುವರಿ 25ರಂದು ಸುರಪುರದ ಶಾಸಕ ರಾಜಾ ವೆಂಕಟಪ್ಪ ನಾಯಕ ತೀರಿಕೊಂಡರು. ಮೇ 7ರಂದು ಲೋಕಸಭೆಯ ಮತದಾನದ ಜೊತೆಗೇ ಅಲ್ಲಿನ ಉಪಚುನಾವಣೆಯ ಮತದಾನವೂ ಮುಗಿಯಿತು. ನಡುವೆ ಹೋದದ್ದು 72 ದಿನ. ಅದೇ ಸುರಪುರದ ಮತ್ತು ನಮ್ಮ ಶಹಾಪುರದ ತಾಲೂಕು ಪಂಚಾಯತ್‌ಗೆ, ಯಾದಗಿರಿ ಜಿಲ್ಲಾ ಪಂಚಾಯತ್‌ಗೆ 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ 2022 ಹೋಯಿತು, 2023 ಹೋಯಿತು, 2024 ಮತ್ತು 2025 ಕೂಡ ಹೋದವು. ಚುನಾವಣೆ ಬರಲಿಲ್ಲ. ಸದಸ್ಯರು ಕೂರುತ್ತಿದ್ದ ಸಭೆಯ ಅಧಿಕಾರವೆಲ್ಲ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕೈ ಸೇರಿತು.

ಇದೇ ವರ್ಷಗಳಲ್ಲಿ ನಮ್ಮ ಊರಲ್ಲಿ ಅಮೆರಿಕದ ಚರ್ಚೆಯೂ ಜೋರಾಯಿತು. ಆಗಲೇಬೇಕಿತ್ತು. 2025ರ ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರಂಪ್ ಭಾರತದ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದರು. ಅದೇ ತಿಂಗಳು ಕೇಂದ್ರ ಸರ್ಕಾರ ಹತ್ತಿ ಆಮದಿನ ಮೇಲಿದ್ದ ಶೇ 11ರ ಸುಂಕವನ್ನು ತಾತ್ಕಾಲಿಕವಾಗಿ ತೆಗೆದುಹಾಕಿತು. ಹತ್ತಿ ಬಿಡಿಸುವ ಹೊತ್ತಿಗೆ ದರ ಏನಾದೀತು ಎಂದು ಶಹಾಪುರದ ರೈತ ಲೆಕ್ಕ ಹಾಕುವಂತಾಯಿತು. ತೆರಿಗೆ ಹಾಕುವ ಅಧಿಕಾರವನ್ನು ಅಮೆರಿಕದ ಸಂವಿಧಾನ ಕೊಟ್ಟಿರುವುದು ಅಲ್ಲಿನ ಸಂಸತ್ತಿಗೆ. ಅಧ್ಯಕ್ಷರು 1977ರ ಒಂದು ತುರ್ತು ಕಾಯ್ದೆಯನ್ನು ಮುಂದಿಟ್ಟು ತಾವೇ ಹಾಕಿದರು. ಹಾಗಾಗಿ ಅಲ್ಲಿ ಅಧಿಕಾರ ವಿಭಜನೆ ಸತ್ತೇಹೋಯಿತು ಎಂಬ ತೀರ್ಪನ್ನು ನಮ್ಮಲ್ಲಿ ಅನೇಕರು ಕೊಟ್ಟುಬಿಟ್ಟಿದ್ದಾರೆ.

ನಾನು ಅದನ್ನು ಒಪ್ಪುವುದಿಲ್ಲ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಶಾಲೆಯಲ್ಲಿ ಮೂರು ಚೌಕ ಬರೆದು ನಡುವೆ ಗೋಡೆ ಎಳೆದು ಕಲಿತದ್ದೇ ಈ ಅವಸರಕ್ಕೆ ಕಾರಣ. ಅಮೆರಿಕದಲ್ಲಿ ಆ ಗೋಡೆಗಳು ಎಂದೂ ಇರಲಿಲ್ಲ. ಸಂಸತ್ತು ಪಾಸು ಮಾಡಿದ ಮಸೂದೆಯನ್ನು ಅಧ್ಯಕ್ಷರು ತಡೆಯಬಹುದು. ಅಧ್ಯಕ್ಷರು ಆರಿಸಿದ ನ್ಯಾಯಾಧೀಶರನ್ನು ಸೆನೆಟ್ ಒಪ್ಪಬೇಕು. ಹಣದ ಕೀಲಿ ಸಂಸತ್ತಿನ ಬಳಿ. 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರಿ ಕಚೇರಿಗಳಿಗೆ ಬೀಗ ಬಿದ್ದದ್ದು ಆ ಕೀಲಿ ತಿರುಗದ ಕಾರಣಕ್ಕೆ. ಅಧಿಕಾರಗಳು ಒಂದರೊಳಗೊಂದು ಸೇರಿಕೊಂಡಿರುವುದು ತಪ್ಪಲ್ಲ, ಎಲ್ಲವೂ ಒಂದೇ ಕೈ ಸೇರಿದರೆ ಅಪಾಯ ಎಂದು ಆ ಸಂವಿಧಾನ ರೂಪಿಸಿದವರಲ್ಲೊಬ್ಬರಾದ ಮ್ಯಾಡಿಸನ್ 1788ರಲ್ಲೇ ವಾದಿಸಿದ್ದರು. ಸುಂಕದ ವಿಷಯದಲ್ಲೂ ಸಣ್ಣ ವ್ಯಾಪಾರಿಗಳು ಕೋರ್ಟಿಗೆ ಹೋದರು. ಅಧ್ಯಕ್ಷರಿಗೆ ಆ ಕಾಯ್ದೆಯಡಿ ಇಂಥ ಅಧಿಕಾರ ಇಲ್ಲ ಎಂದು ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಹೇಳಿತು.

ಆದರೆ ಆ ದೇಶದಲ್ಲಿ ನಿಜಕ್ಕೂ ಕಾರ್ಯಾಂಗದ ಕೈಗೆ ಸಿಗದಂತೆ ಎತ್ತಿಟ್ಟಿರುವುದು ಒಂದಿದೆ: ಚುನಾವಣೆಯ ದಿನ. ನವೆಂಬರಿನ ಮೊದಲ ಸೋಮವಾರದ ಮರುದಿನ, ಮಂಗಳವಾರ. 1864ರಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗಲೂ ಲಿಂಕನ್ ಜನರ ಮುಂದೆ ನಿಂತರು. 2020ರ ಜುಲೈ 30ರಂದು, ಕೊರೊನಾ ನಡುವೆ, ಚುನಾವಣೆ ಮುಂದೂಡಬಾರದೇಕೆ ಎಂದು ಟ್ರಂಪ್ ಕೇಳಿದರು. ಅವರದೇ ಪಕ್ಷದ ಸೆನೆಟರ್‌ಗಳು ಅದೇ ದಿನ ಆಗದು ಎಂದರು. ನವೆಂಬರ್ 3ರಂದು ಮತದಾನ ನಡೆದೇ ನಡೆಯಿತು.

ನಮ್ಮಲ್ಲೂ ಸಂವಿಧಾನವು ಗಡುವು ಗುರುತಿಸಿಯೇ ಇದೆ. ಪಂಚಾಯತ್‌ನ ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ 243ಇ ವಿಧಿ. ಚುನಾವಣೆ ನಡೆಸದಿರಲು ಮೊದಲು ಹೇಳಿದ ನೆಪ ಕೊರೊನಾ. ಆದರೆ 2020ರ ಡಿಸೆಂಬರಿನಲ್ಲಿ, ಅದೇ ಕೊರೊನಾ ಕಾಲದಲ್ಲಿ, ರಾಜ್ಯದ ಗ್ರಾಮ ಪಂಚಾಯತ್ ಚುನಾವಣೆ ನಡೆದಿತ್ತು. 2021ರ ಏಪ್ರಿಲ್‌ನಲ್ಲಿ ಕೃಷ್ಣೆಯ ಆಚೆಗಿನ ಮಸ್ಕಿಯಲ್ಲಿ ವಿಧಾನಸಭೆ ಉಪಚುನಾವಣೆಯೂ ನಡೆಯಿತು. ಮುಂದಿನದು ನೆಪವಲ್ಲ, ಯೋಜನೆ. ರಾಜ್ಯ ಚುನಾವಣಾ ಆಯೋಗ 2021ರಲ್ಲಿ ಕ್ಷೇತ್ರ ವಿಂಗಡಿಸಿ ಮೀಸಲಾತಿಯ ಕರಡನ್ನೂ ಪ್ರಕಟಿಸಿದ ಮೇಲೆ, ಅಂದಿನ ಬಿಜೆಪಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಆ ಕೆಲಸವನ್ನು ಆಯೋಗದಿಂದ ಕಿತ್ತುಕೊಂಡಿತು. ಕ್ಷೇತ್ರ ವಿಂಗಡಣೆಗೆಂದೇ ತಾನು ಬೇರೊಂದು ಆಯೋಗ ಮಾಡಿತು. 2023ರಲ್ಲಿ ಕಾಂಗ್ರೆಸ್ ಬಂತು. ವಿರೋಧ ಪಕ್ಷದಲ್ಲಿದ್ದಾಗ ಚುನಾವಣೆ ಮಾಡಿ ಎಂದವರು ಅಧಿಕಾರಕ್ಕೆ ಬಂದಮೇಲೆ ಅದೇ ತಿದ್ದುಪಡಿಯ ನೆರಳಲ್ಲಿ ಕೂತರು. ಹೈಕೋರ್ಟ್ ಗಡುವು ಕೊಟ್ಟಿತು, ಕೊಟ್ಟ ಗಡುವು ದಾಟಿತು. ವಿಂಗಡಣೆ ಬಾಕಿ ಇದೆ ಎಂಬುದು ಚುನಾವಣೆ ತಡೆಯಲು ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಹೇಳಿದ್ದೂ ಇಲ್ಲಿ ಕೇಳಿಸಲಿಲ್ಲ.

ಹಾಗಾದರೆ ಸುರಪುರದಲ್ಲಿ 72 ದಿನದಲ್ಲಿ ಮತದಾನ ನಡೆದದ್ದು ಹೇಗೆ? ಆ ದಿನ ಗೊತ್ತು ಮಾಡಿದ್ದು ಭಾರತದ ಚುನಾವಣಾ ಆಯೋಗ. ವಿಧಾನಸೌಧದ ಕೈ ಅಲ್ಲಿಗೆ ಮುಟ್ಟುವುದಿಲ್ಲ.

ಈ ಖಾಲಿ ಖುರ್ಚಿಗಳಿಂದ ಲಾಭ ಯಾರಿಗೆ ಎಂದು ಹೆಸರು ಹಿಡಿದೇ ಹೇಳಬೇಕು: ಶಾಸಕರಿಗೆ, ಯಾವ ಪಕ್ಷದವರಾದರೂ ಸರಿ. ಸಾಗುವಳಿ ಜಮೀನಿನ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು. ಮನೆ ಹಂಚುವ ಆಶ್ರಯ ಸಮಿತಿಗೂ ಅವರೇ. ತಾಲೂಕಿನ ಅಭಿವೃದ್ಧಿ ಕೆಲಸ ಪರಿಶೀಲಿಸುವ ಕೆಡಿಪಿ ಸಭೆಯೂ ಅವರದೇ. ಕಾನೂನು ಮಾಡಲು ಆರಿಸಿ ಕಳಿಸಿದವರು ಜಮೀನು, ಮನೆ, ಅಧಿಕಾರಿಗಳ ವರ್ಗಾವಣೆಯ ಲೆಟರ್ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಅಮೆರಿಕದಲ್ಲಿ ಸಂಸತ್ತಿನ ಸದಸ್ಯ ಮಂತ್ರಿಯಾಗಬೇಕಾದರೆ ಮೊದಲು ಸ್ಥಾನ ಬಿಡಬೇಕು. ನಮ್ಮ ಪದ್ಧತಿ ಬೇರೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಶಾಸಕರ ಪಕ್ಕದಲ್ಲಿ ಇನ್ನೊಬ್ಬ ಚುನಾಯಿತ ವ್ಯಕ್ತಿ ಇರಲೇಬೇಕು. ಗೋಗಿಯ ಶಾಲೆ ಸೋರುತ್ತಿದೆ, ದೋರನಹಳ್ಳಿಯ ಅಂಗನವಾಡಿಗೆ ನೀರಿಲ್ಲ ಎಂದು ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕಾರ್ಯನಿರ್ವಾಹಕ ಅಧಿಕಾರಿ (ಇಒ) ಸಾಹೇಬರಿಂದ ಉತ್ತರ ಕೇಳುವ ಹಕ್ಕು ತಾಲೂಕು ಪಂಚಾಯತ್ ಸದಸ್ಯರಿಗಿತ್ತು. ಈಗ ಕ್ರಿಯಾ ಯೋಜನೆ ಮಾಡುವವರೂ ಒಪ್ಪಿಗೆ ಕೊಡುವವರೂ ಅಧಿಕಾರಿಗಳೇ.

ಆ ಸದಸ್ಯರು ಏನು ಕಡಿದು ಕಟ್ಟೆ ಹಾಕಿದ್ದರು, ಗುತ್ತಿಗೆ ಹಿಡಿದದ್ದೇ ಹೆಚ್ಚು ಎನ್ನುವವರಿದ್ದಾರೆ. ಕೆಲವರ ಮಟ್ಟಿಗೆ ಅದು ನಿಜ. ಅಂಥವರನ್ನು ಮನೆಗೆ ಕಳಿಸುವ ದಾರಿಯನ್ನೂ ಈ ಸರ್ಕಾರಗಳೇ ಮುಚ್ಚಿವೆಯಲ್ಲ! ಒಳ್ಳೆ ಅಧಿಕಾರಿ ಸಿಕ್ಕರೆ ಸಾಕು ಎಂಬ ಇನ್ನೊಂದು ಮಾತಂತೂ ಸುರಪುರ, ಶಹಾಪುರದ ಈ ಸಗರನಾಡಿಗೆ ಹಳೆಯದು. 1840ರ ದಶಕದಲ್ಲಿ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ರಾಜಕುಮಾರ ಚಿಕ್ಕವನಿದ್ದ ಕಾಲದಲ್ಲಿ ವರ್ಷಗಟ್ಟಲೆ ಸಂಸ್ಥಾನವನ್ನು ನಡೆಸಿದ. ದಕ್ಷನೇ. ಬೆಟ್ಟದ ಮೇಲಿನ ಟೇಲರ್ ಮಂಜಿಲ್ ಇವತ್ತಿಗೂ ಅವನ ಹೆಸರು ಹೇಳುತ್ತದೆ. ಆದರೆ ಅವನು ಉತ್ತರ ಕೊಡಬೇಕಿದ್ದದ್ದು ಈಸ್ಟ್ ಇಂಡಿಯಾ ಕಂಪನಿಗೆ, ಸುರಪುರದ ಜನಕ್ಕಲ್ಲ. ಆಮೇಲೆ ಈ ನಾಡನ್ನಾಳಿದ ನಿಜಾಮರ ಸಂಸ್ಥಾನವೂ 1921ರಲ್ಲೇ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಮಾಡಿತ್ತು. ಕಚೇರಿಗಳು ಬೇರೆಯಾದವು, ಪ್ರಶ್ನೆ ಕೇಳುವ ಚುನಾಯಿತ ಸಭೆ ಮಾತ್ರ ಇರಲಿಲ್ಲ.

1987ರಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಸಿ, ಅಂದಿನ ಸಚಿವ ನಜೀರ್ ಸಾಬರ ಕೈಯಲ್ಲಿ ದೇಶಕ್ಕೆ ಪಂಚಾಯತ್ ರಾಜ್ ತೋರಿಸಿಕೊಟ್ಟ ಕರ್ನಾಟಕ ಇದು. ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ನಿಗದಿ ಎರಡೂ ರಾಜ್ಯ ಚುನಾವಣಾ ಆಯೋಗಕ್ಕೆ ಮರಳಬೇಕು. ಅವಧಿ ಮುಗಿಯುವ ಆರು ತಿಂಗಳ ಮೊದಲು ಹೊಸ ಪಟ್ಟಿ ಬರದಿದ್ದರೆ ಹಳೆಯ ಪಟ್ಟಿಯಲ್ಲೇ ಮತದಾನ ಎಂದು ಕಾಯ್ದೆಯಲ್ಲಿ ಬರೆಯಬೇಕು. ಶಹಾಪುರದಿಂದ ಗೆದ್ದು 2023ರಲ್ಲಿ ಸಚಿವರಾದ ಶರಣಬಸಪ್ಪ ದರ್ಶನಾಪುರ ಇದನ್ನು ಸಂಪುಟದಲ್ಲಿ ಎತ್ತಬಹುದು. ಸರ್ಕಾರ ತರದಿದ್ದರೆ ಸದನದಲ್ಲಿ ಖಾಸಗಿ ಮಸೂದೆ ಮಂಡಿಸಲು ಸಚಿವರಲ್ಲದ ಯಾವ ಶಾಸಕರಿಗೂ ಹಕ್ಕಿದೆ. ಆ ಮಸೂದೆಯನ್ನು ಸುರಪುರದ ರಾಜಾ ವೇಣುಗೋಪಾಲ ನಾಯಕರೇ ಮಂಡಿಸಲಿ ಎಂದು ಕೇಳುತ್ತೇನೆ. 72 ದಿನದಲ್ಲಿ ನಡೆದ ಆ ಉಪಚುನಾವಣೆಯಲ್ಲಿ ಗೆದ್ದು ವಿಧಾನಸಭೆಗೆ ಹೋದವರು ಅವರು.